ಒದೆತ ಎಲ್ಲಿಗೆ ಹೋಗುತ್ತೆ? ಅಂಬಾರಿಯ ಪಿಸ್ತೂಲಿನಿಂದ ಒಂಟಿ ಗುಂಡಿನ ಕೈಬಂದೂಕಿನವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ಸಂಚಿಕೆಯಲ್ಲಿ ಒಂದು ಪುಟ್ಟ ಪ್ರಶ್ನೆ ಇಟ್ಕೊಂಡು ಸುಮಾರು ನೂರೈವತ್ತು ವರ್ಷಗಳ ಇತಿಹಾಸವನ್ನು ಸುತ್ತಿ ಬರೋಣ. ಕೋವಿ ಹಾರಿಸಿದಾಗ ಅದು ಹಿಂದಕ್ಕೆ ಒದೆಯುತ್ತಲ್ಲ, ಆ ಒದೆತ ಎಲ್ಲಿಗೆ ಹೋಗುತ್ತೆ?

ಕೊಡಗು, ಮಲೆನಾಡಿನ ಕೇಳುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಯಲ್ಲಿ ಕೋವಿಯನ್ನು ಭುಜಕ್ಕೆ ಸರಿಯಾಗಿ ಒತ್ತಿ ಹಿಡಿಯದವರಿಗೆ ಮಾರನೇ ದಿನ ಏನಾಗಿರುತ್ತೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಆದರೆ ಭುಜವೇ ಇಲ್ಲದ ಬಂದೂಕಾದರೆ? ಅಂದ್ರೆ ಆನೆಯಂಥ ಪ್ರಾಣಿಗೆ ಮಾಡಿದ ತೋಟಾವನ್ನು ಬರೀ ಎರಡು ಮಣಿಕಟ್ಟುಗಳ ಬಲದ ಮೇಲೆ ಹಾರಿಸಬೇಕಾದರೆ? ಇವತ್ತಿನ ಕಥೆ ಅದರದ್ದು.

ಮೊದಲು ಲೆಕ್ಕ ಮುಗಿಸಿಬಿಡೋಣ, ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಗುಂಡು ಮುಂದೆ ಹೋಗುವಷ್ಟೇ ಸಂವೇಗದಲ್ಲಿ ಬಂದೂಕು ಹಿಂದೆ ಬರುತ್ತೆ. 20 ಗ್ರಾಂ ತೂಕದ ಗುಂಡು ಸೆಕೆಂಡಿಗೆ 480 ಮೀಟರ್ ವೇಗದಲ್ಲಿ ಹೊರಟಿತು ಅಂದುಕೊಳ್ಳಿ. ಬಂದೂಕು 4 ಕಿಲೋ ಇದ್ದರೆ ಅದು ಸೆಕೆಂಡಿಗೆ 2.4 ಮೀಟರ್ ವೇಗದಲ್ಲಿ ಹಿಂದೆ ಬರುತ್ತೆ. ಅದೇ ತೋಟಾವನ್ನು 2 ಕಿಲೋ ತೂಕದ ಕೈಬಂದೂಕಿನಲ್ಲಿ ಹಾಕಿದರೆ ವೇಗ 4.8 ಮೀಟರ್. ಒದೆತದ ಶಕ್ತಿಯೂ ದುಪ್ಪಟ್ಟು, 11 ಜೂಲ್ ಚಿಲ್ಲರೆ ಇದ್ದದ್ದು 23 ಜೂಲ್. ನಳಿಗೆಯ ಬಾಯಿಂದ ನುಗ್ಗುವ ಗ್ಯಾಸಿನ ಲೆಕ್ಕ ಸೇರಿಸಿದರೆ ಇದು ಇನ್ನೂ ಹೆಚ್ಚು. ಈ ಲೆಕ್ಕದಿಂದ ಯಾವ ಕಂಪನಿಗೂ, ಯಾವ ಕಮ್ಮಾರನಿಗೂ ತಪ್ಪಿಸಿಕೊಳ್ಳೋಕೆ ಆಗಿಲ್ಲ. ಒದೆತವನ್ನು ಇಲ್ಲವಾಗಿಸೋಕೆ ಬರೋದಿಲ್ಲ. ಅದನ್ನು ಹಂಚಬಹುದು, ನಿಧಾನ ಮಾಡಬಹುದು, ಇಲ್ಲಾ ಬೇರೆಯವರ ತಲೆಗೆ ಕಟ್ಟಬಹುದು. ಇಡೀ ಇತಿಹಾಸ ಇಷ್ಟೇ.

ಈಗ 19ನೇ ಶತಮಾನಕ್ಕೆ ಹೋಗೋಣ. ಹೊಗೆ ಉಗುಳುವ ಕರಿಮದ್ದಿನ ಕಾಲ. ಗುಂಡಿನ ವೇಗವನ್ನು ಒಂದು ಮಿತಿ ಮೀರಿ ಹೆಚ್ಚಿಸೋಕೆ ಆಗ್ತಿರಲಿಲ್ಲ. ಹಾಗಾಗಿ ದೊಡ್ಡ ಪ್ರಾಣಿಗೆ ದೊಡ್ಡ ಗುಂಡು ಅನ್ನೋದೊಂದೇ ದಾರಿ. ‘4 ಬೋರ್’ ಅಂದ್ರೆ ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡು, ಅಂದರೆ ಒಂದೊಂದೂ 113 ಗ್ರಾಂ! ಇವತ್ತಿನ ಸೈನ್ಯದ ರೈಫಲ್ ಗುಂಡು ನಾಲ್ಕು ಗ್ರಾಂ ಆಸುಪಾಸು ಇರುತ್ತೆ ಅಂತ ನೆನೆದರೆ ವ್ಯತ್ಯಾಸ ತಿಳಿಯುತ್ತೆ.

ನಮ್ಮ ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾವನ್ನು ಶುರು ಮಾಡಿದ ಜಿ.ಪಿ. ಸ್ಯಾಂಡರ್ಸನ್ ಕೂಡ ಆನೆಗೆ 4 ಬೋರ್ ಬಂದೂಕನ್ನೇ ನಂಬಿದವನು. 1878ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಬಂದೂಕುಗಳ ಬಗ್ಗೆ ದೀರ್ಘ ಚರ್ಚೆಯಿದೆ. ಇಂಥ ಬಂದೂಕುಗಳ ತೂಕವೇ ಅದರ ಒದೆತಕ್ಕೆ ಮದ್ದು. ಆದರೆ ಆ ತೂಕವನ್ನು ಕಾಡಿನುದ್ದಕ್ಕೂ ಹೊತ್ತವರು ಯಾರು? ಸಾಹೇಬರ ಹಿಂದೆ ನಡೆಯುತ್ತಿದ್ದ ಬಂದೂಕಿನ ಆಳುಗಳು. ಒದೆತವನ್ನು ಬೇರೆಯವರ ಹೆಗಲಿಗೆ ದಾಟಿಸೋದು ಅಂದ್ರೆ ಇದೇ ನೋಡಿ. ಹಾರಿಸುವ ಕ್ಷಣದಲ್ಲಿ ಸಾಹೇಬನ ಭುಜಕ್ಕೆ ಉಳಿದದ್ದು, ಇಡೀ ದಿನ ಇನ್ನೊಬ್ಬನ ಭುಜದ ಮೇಲೆ ಕೂತಿರುತ್ತಿತ್ತು.

ಆಫ್ರಿಕಾದಲ್ಲಿ ಸ್ಯಾಮುಯೆಲ್ ಬೇಕರ್ ಬಳಿ ಅರ್ಧ ಪೌಂಡಿನ ಗುಂಡು ಹಾರಿಸುವ ರೈಫಲ್ ಇತ್ತು. ಅದಕ್ಕೆ ಅವನು ಇಟ್ಟ ಹೆಸರು ‘ಬೇಬಿ’. ಜೊತೆಗಿದ್ದ ಅರಬ್ ಆಳುಗಳು ಅದನ್ನು ‘ತೋಪಿನ ಮರಿ’ ಅನ್ನುವ ಅರ್ಥದಲ್ಲಿ ಕರೀತಿದ್ರು. ಅದನ್ನು ಹಾರಿಸೋಕೆ ಬೇಕರನಿಗೇ ಹೆದರಿಕೆ. ಹಾರಿಸಿದಾಗಲೆಲ್ಲ ಮೈ ಗಿರ್ರನೆ ತಿರುಗಿ ಹೋಗ್ತಿತ್ತು ಅಂತ ಅವನೇ ಬರೆದುಕೊಂಡಿದ್ದಾನೆ.

ಇನ್ನೊಬ್ಬ ಫ್ರೆಡರಿಕ್ ಸೆಲೂಸ್. 1870ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತರ ಹುಡುಗ, ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ ಅಗ್ಗದ 4 ಬೋರ್ ಕೋವಿ ಹಿಡಿದು ಆನೆ ಬೇಟೆಗೆ ಇಳಿದ. ಅದು ಬಾಯಿಂದ ಮದ್ದು ತುಂಬುವ ಕೋವಿ, ತೂಕ ಆರು ಕಿಲೋಗೂ ಕಡಿಮೆ. ಒಮ್ಮೆ ಕೇಪು ಹೊತ್ತಿದರೂ ಮದ್ದು ಹೊತ್ತಿಕೊಳ್ಳಲಿಲ್ಲ. ಗಡಿಬಿಡಿಯಲ್ಲಿ ಆಳು ಅದರ ಮೇಲೇ ಇನ್ನೊಂದು ಈಡು ತುಂಬಿಬಿಟ್ಟ. ಮುಂದಿನ ಸಲ ಎರಡೂ ಒಟ್ಟಿಗೆ ಹೊತ್ತಿಕೊಂಡವು. ಸೆಲೂಸ್ ನೆಲ ಬಿಟ್ಟು ಹಾರಿ ಮುಖ ಅಡಿಯಾಗಿ ಬಿದ್ದ, ಕೋವಿಯ ಮರದ ಹಿಡಿ ಚೂರಾಯಿತು, ಕೆನ್ನೆ ಸೀಳಿ ರಕ್ತ ಬಂತು.

ಆದರೆ ಸೆಲೂಸ್ ಮುಂದೆ ದುಃಖಪಟ್ಟಿದ್ದು ಆ ಗಾಯಕ್ಕಲ್ಲ. ಆ ಕೋವಿಗಳ ಒದೆತ ತನ್ನ ನರಗಳನ್ನೇ ಕೆಡಿಸಿತು, ಆಮೇಲೆ ಹಗುರವಾದ ಬಂದೂಕು ಹಿಡಿದಾಗಲೂ ಗುರಿ ಹಾಳಾಯಿತು, ಅವುಗಳ ಸಹವಾಸವೇ ಬೇಡವಾಗಿತ್ತು ಅನ್ನೋ ಅರ್ಥದಲ್ಲಿ ಅವನು ಬರೆದ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ಒದೆತದ ನಿಜವಾದ ಕೆಡುಕು ಇದೇ. ಭುಜದ ನೋವು ನಾಲ್ಕು ದಿನಕ್ಕೆ ವಾಸಿಯಾಗುತ್ತೆ. ಮೈ ಮಾತ್ರ ಅದನ್ನು ಮರೆಯೋದಿಲ್ಲ. ಮುಂದಿನ ಸಲ ಬೆರಳು ಕುದುರೆ ಎಳೆಯೋ ಮೊದಲೇ ಕಣ್ಣು ಮುಚ್ಚುತ್ತೆ, ಮಣಿಕಟ್ಟು ಬಿಗಿಯುತ್ತೆ, ನಳಿಗೆ ಒಂದು ಕೂದಲೆಳೆ ಕೆಳಗೆ ಜಾರುತ್ತೆ. ಇದನ್ನೇ ಗುರಿಕಾರರು ‘ಫ್ಲಿಂಚ್’ ಅಂತಾರೆ. ಗುಂಡು ಹೃದಯಕ್ಕೆ ತಾಗೋ ಬದಲು ಹೊಟ್ಟೆಗೋ ಕಾಲಿಗೋ ತಾಗುತ್ತೆ.

ಹಾಗೆ ತಾಗಿದರೆ ಏನಾಗುತ್ತೆ? ಚಂಪಾವತ್‌ನ ಹೆಣ್ಣು ಹುಲಿಯನ್ನು ನೆನಪು ಮಾಡ್ಕೊಳ್ಳಿ. 1907ರಲ್ಲಿ ಜಿಮ್ ಕಾರ್ಬೆಟ್ ಅದನ್ನು ಹೊಡೆಯುವ ಹೊತ್ತಿಗೆ ನೇಪಾಳ, ಕುಮಾವುಗಳಲ್ಲಿ ಅದು 436 ಜನರನ್ನು ಕೊಂದಿತ್ತು ಅನ್ನೋದು ಅವನು ಕೊಟ್ಟ ಲೆಕ್ಕ. ಅದರ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು, ಅದಕ್ಕೆ ಕಾರಣ ಹಳೆಯ ಗುಂಡಿನ ಗಾಯ ಅಂತ ಕಾರ್ಬೆಟ್ ಬರೆದಿದ್ದಾನೆ. ಆ ಗುಂಡು ದಾರಿ ತಪ್ಪಿದ್ದು ಒದೆತದ ಭಯದಿಂದಲೇ ಅಂತ ನಾನು ಹೇಳ್ತಾ ಇಲ್ಲ. ಒಂದು ಅರೆಬರೆ ಗುಂಡಿನ ಸಾಲವನ್ನು ಯಾರು ತೀರಿಸಬೇಕಾಗುತ್ತೆ ಅನ್ನೋದಕ್ಕೆ ಹೇಳಿದೆ, ಅಷ್ಟೆ. ಹುಲ್ಲು ಕೊಯ್ಯೋಕೆ, ಸೌದೆ ತರೋಕೆ ಹೋದ ಹೆಂಗಸರು ಅದನ್ನು ತೀರಿಸಿದರು.

ಇದೇ ಕಾಲದಲ್ಲಿ ಭಾರತದಲ್ಲಿ ಇನ್ನೊಂದು ವಿಚಿತ್ರ ಆಯುಧ ಬಂತು: ‘ಹೌದಾ ಪಿಸ್ತೂಲ್’. ಹೌದಾ ಅಂದ್ರೆ ನಾವು ಅಂಬಾರಿ ಅಂತೀವಲ್ಲ, ಆನೆಯ ಬೆನ್ನಿನ ಮೇಲಿನ ಆಸನ. ಗಾಯಗೊಂಡ ಹುಲಿ ಆನೆಯ ಮೈಮೇಲೆ ಹಾರಿದರೆ ಅಷ್ಟು ಹತ್ತಿರದಲ್ಲಿ ಉದ್ದದ ರೈಫಲ್ ತಿರುಗಿಸೋಕೆ ಆಗಲ್ಲ. ಅದಕ್ಕೆ ಗಿಡ್ಡ ನಳಿಗೆಯ, ಭಾರಿ ಬಾಯಿಯ ಪಿಸ್ತೂಲು. ಹೆಚ್ಚಿನವು ಜೋಡು ನಳಿಗೆಯವು; .577 ಇಂಚಿನ ದೊಡ್ಡ ಗುಂಡು ಹಾರಿಸುವಂಥವೂ ಇದ್ದವು. ಕೆಲವನ್ನು ರೈಫಲ್ಲಿನ ನಳಿಗೆಯನ್ನೇ ಕತ್ತರಿಸಿ ಮಾಡ್ತಿದ್ರು. ಲಂಡನ್ನಿನ ಚಾರ್ಲ್ಸ್ ಲ್ಯಾಂಕಾಸ್ಟರ್ ಕಂಪನಿ ಆಮೇಲೆ ನಾಲ್ಕು ನಳಿಗೆಯ ಪಿಸ್ತೂಲನ್ನೂ ಮಾರಿತು.

ಇದರ ಒದೆತವನ್ನು ಪಳಗಿಸೋಕೆ ಅವರು ಹೆಚ್ಚೇನೂ ಮಾಡಲಿಲ್ಲ, ಮಾಡುವ ಅಗತ್ಯವೂ ಇರಲಿಲ್ಲ. ಯಾಕೆ? ಇದು ಕೊನೇ ಕ್ಷಣದ ಆಯುಧ. ಹುಲಿಯ ಬಾಯಿ ಎರಡು ಮಾರು ದೂರದಲ್ಲಿರುವಾಗ ಮಣಿಕಟ್ಟಿನ ಚಿಂತೆ ಯಾರಿಗೆ? ಗುರಿ ಇಡೋ ಮಾತೇ ಇಲ್ಲ. ಬಂದೂಕು ಕೈಯಿಂದ ಹಾರಿಹೋದರೂ ಜೀವ ಉಳಿದರೆ ಸಾಕು.

ಗುರಿ ಇಟ್ಟು, ದೂರದ ಪ್ರಾಣಿಯನ್ನು ಕೈಬಂದೂಕಿನಲ್ಲಿ ಹೊಡೆಯಬೇಕು ಅನ್ನೋ ಹಟ ಹುಟ್ಟಿದ್ದು ಅಮೆರಿಕದಲ್ಲಿ, 20ನೇ ಶತಮಾನದಲ್ಲಿ. ಅಷ್ಟರಲ್ಲಿ ಹೊಗೆರಹಿತ ಮದ್ದು ಬಂದು ಲೆಕ್ಕವನ್ನೇ ಬದಲಿಸಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಅದನ್ನು ಕಂಡುಹಿಡಿದ. ಕಡಿಮೆ ಮದ್ದು, ಹೆಚ್ಚು ವೇಗ, ಆದ್ದರಿಂದ ಚಿಕ್ಕ ಗುಂಡು ಸಾಕು. ಆಫ್ರಿಕಾದಲ್ಲಿ ಡಬ್ಲ್ಯು.ಡಿ.ಎಂ. ಬೆಲ್ ಅನ್ನುವವನು ಸಾವಿರದಷ್ಟು ಆನೆಗಳನ್ನು ಕೊಂದ. ಅದರಲ್ಲಿ ಬಹುಪಾಲು 7 ಮಿಲಿಮೀಟರಿನ ಸಣ್ಣ ಗುಂಡಿನಿಂದ. ಆ ಹತ್ಯೆಯನ್ನು ಇವತ್ತು ಯಾರೂ ಹೊಗಳಲ್ಲ. ಆದರೆ ಅವನು ತೋರಿಸಿದ ಪಾಠ ಉಳಿಯಿತು: ಗುಂಡಿನ ಗಾತ್ರಕ್ಕಿಂತ ಅದು ತಾಗುವ ಜಾಗ ಮುಖ್ಯ, ಒದೆಯದ ಬಂದೂಕಿನಲ್ಲಿ ಆ ಜಾಗ ಸುಲಭವಾಗಿ ಸಿಗುತ್ತೆ.

ಅಮೆರಿಕದ ಕೈಬಂದೂಕಿನವರು ಈ ಪಾಠವನ್ನು ಅರ್ಧ ಮಾತ್ರ ಕಲಿತರು ಅನ್ನಬಹುದು. 1935ರಲ್ಲಿ .357 ಮ್ಯಾಗ್ನಮ್ ಬಂತು. ಎಲ್ಮರ್ ಕೀತ್ ಎಂಬ ಬರಹಗಾರ ವರ್ಷಗಟ್ಟಲೆ ಒತ್ತಾಯ ಮಾಡಿ, 1955ರ ಕೊನೆಗೆ ಸ್ಮಿತ್ ಅಂಡ್ ವೆಸನ್ ಕಂಪನಿಯಿಂದ .44 ಮ್ಯಾಗ್ನಮ್ ರಿವಾಲ್ವರ್ ಹೊರಬಂತು. 1963ರಲ್ಲಿ ರೆಮಿಂಗ್ಟನ್ ಕಂಪನಿ ಎಕ್ಸ್‌ಪಿ-100 ಎಂಬ ಒಂಟಿ ಗುಂಡಿನ ಬೋಲ್ಟ್ ಪಿಸ್ತೂಲು ತಂದಿತು. 1967ರಲ್ಲಿ ಬಂತು ನಮ್ಮ ಕಥೆಯ ನಾಯಕ, ಥಾಂಪ್ಸನ್ ಸೆಂಟರ್ ಕಂಪನಿಯ ‘ಕಂಟೆಂಡರ್’. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ರಾಚೆಸ್ಟರ್ ಊರಿನಲ್ಲಿ ತಯಾರಾಗುತ್ತಿದ್ದ ಇದರ ವಿನ್ಯಾಸಕಾರ ವಾರೆನ್ ಸೆಂಟರ್.

ನಮ್ಮೂರಿನ ಒಂಟಿ ನಳಿಗೆ ಕೋವಿಯ ಹಾಗೇ ಇದು ನಡುವೆ ಮಡಚಿಕೊಳ್ಳುತ್ತೆ. ಒಂದು ತೋಟಾ ಹಾಕಿ, ಮುಚ್ಚಿ, ಕುದುರೆ ಎಳೆಯೋದು. ವಿಶೇಷ ಏನಂದ್ರೆ, ಒಂದು ಪಿನ್ ತೆಗೆದು ನಳಿಗೆಯನ್ನೇ ಬದಲಿಸಬಹುದು. ಬೆಳಿಗ್ಗೆ .22ರ ನಳಿಗೆ, ಮಧ್ಯಾಹ್ನ ರೈಫಲ್ ತೋಟಾದ ನಳಿಗೆ. ಕಡೆಗೆ ಇದರಲ್ಲಿ .45-70 ತೋಟಾ ಕೂಡ ಬಂತು. ಅದು 1873ರಲ್ಲಿ ಅಮೆರಿಕದ ಸೈನ್ಯ ತನ್ನ ರೈಫಲ್ಲಿಗೆ ಆರಿಸಿಕೊಂಡ ತೋಟಾ! ಅಂಬಾರಿಯ ಪಿಸ್ತೂಲಿನ ಕಾಲದ ತೋಟಾ, ಈಗ ಗುರಿ ಇಟ್ಟು ಹೊಡೆಯುವವನ ಕೈಗೆ.

ಹಾಗಾದರೆ ಒದೆತಕ್ಕೆ ಏನು ಮಾಡಿದರು? ಒಂದೊಂದಾಗಿ ನೋಡಿ.

ಮೊದಲನೆಯದು ತೂಕ. ದಪ್ಪ, ಉದ್ದ ನಳಿಗೆ, ಮೇಲೊಂದು ದುರ್ಬೀನು. ದುರ್ಬೀನನ್ನು ಕೈಚಾಚಿದಷ್ಟು ದೂರದಿಂದ ನೋಡುವ ಹಾಗೆ ಮಾಡಿದರು, ಇಲ್ಲದಿದ್ದರೆ ಅದು ಬಂದು ಹುಬ್ಬು ಸೀಳುತ್ತೆ. ಒದೆತಕ್ಕೆ ದುರ್ಬೀನೇ ಕಳಚಿ ಬೀಳ್ತಿದ್ದರಿಂದ, ಈ ಬಂದೂಕಿಗೆ ಭಾರಿ ತೋಟಾಗಳನ್ನು ಹೊಸೆದ ಜೆ.ಡಿ. ಜೋನ್ಸ್, ಅದನ್ನು ಎರಡರ ಬದಲು ಮೂರು ನಾಲ್ಕು ಬಳೆಗಳಲ್ಲಿ ಬಿಗಿಯುವ ಪಟ್ಟಿ ಮಾಡಿದ.

ಎರಡನೆಯದು ರಬ್ಬರ್. ಮರದ ಹಿಡಿಯ ಬದಲು ಮೆತ್ತನೆಯ ಹಿಡಿ. ಇದು ಒಂದೇ ಏಟಿಗೆ ಬರುವ ಪೆಟ್ಟನ್ನು ಸ್ವಲ್ಪ ಹೊತ್ತಿನ ಮೇಲೆ, ಅಂಗೈಯ ಅಗಲದ ಮೇಲೆ ಹರಡುತ್ತೆ.

ಮೂರನೆಯದು ನಳಿಗೆಯ ತುದಿಗೆ ತೂತು ಅಥವಾ ಬ್ರೇಕ್. ಲ್ಯಾರಿ ಕೆಲ್ಲಿ ಎಂಬ ಮಿಷಿಗನ್‌ನ ಬೇಟೆಗಾರ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ವಿಧಾನವನ್ನು ಇದಕ್ಕೆ ತಂದ. ಗ್ಯಾಸು ಮೇಲಕ್ಕೆ ನುಗ್ಗಿದರೆ ಮೂತಿ ಕೆಳಗೊತ್ತುತ್ತೆ; ಪಕ್ಕಕ್ಕೆ, ಹಿಂದಕ್ಕೆ ನುಗ್ಗಿದರೆ ಬಂದೂಕನ್ನು ಮುಂದಕ್ಕೆಳೆಯುತ್ತೆ. ಕೆಲಸ ಮಾಡುತ್ತೆ, ನಿಜ. ಆದರೆ ಅದೇ ಗ್ಯಾಸಿನ ಸದ್ದು ಹಾರಿಸುವವನ ಕಿವಿಗೂ ಪಕ್ಕದವನ ಕಿವಿಗೂ ಬಡಿಯುತ್ತೆ. ಮಣಿಕಟ್ಟಿನ ನೋವು ಕಿವಿಗೆ ವರ್ಗಾವಣೆ! ಮಣಿಕಟ್ಟು ವಾಸಿಯಾಗುತ್ತೆ, ಸತ್ತ ಕಿವಿ ವಾಸಿಯಾಗಲ್ಲ.

ನಾಲ್ಕನೆಯದು ಹಿಡಿಯುವ ವಿದ್ಯೆ. ನಳಿಗೆ ಕೈಗಿಂತ ಮೇಲಿರುವುದರಿಂದ ಇಂಥ ಬಂದೂಕು ಹಿಂದೆ ಬರೋದಷ್ಟೇ ಅಲ್ಲ, ಮೇಲಕ್ಕೂ ಜಿಗಿಯುತ್ತೆ. ಮೊದಮೊದಲು ಎಲ್ಲರೂ ಅದನ್ನು ತೋಳು ಬಿಗಿದು ತಡೆಯೋಕೆ ನೋಡಿದರು. ಅನುಭವ ಹೇಳಿದ್ದು ಬೇರೆ: ಎರಡೂ ಕೈಯಲ್ಲಿ ಗಟ್ಟಿ ಹಿಡಿ, ಆದರೆ ಮೊಣಕೈ ಸಡಿಲ ಬಿಡು. ಜಿಗಿದರೆ ಜಿಗಿಯಲಿ, ತೋಳು ಜೊತೆಗೇ ಮೇಲೇಳಲಿ. ಒಂದೇ ಗುಂಡಿನ ಬಂದೂಕಿಗೆ ಇಲ್ಲೊಂದು ಅನುಕೂಲವಿದೆ. ಎರಡನೇ ಗುಂಡಿಗೆ ತಕ್ಷಣ ಗುರಿಗೆ ವಾಪಸ್ ಬರುವ ಅವಸರವೇ ಇಲ್ಲ. ಗುಂಡು ನಳಿಗೆ ಬಿಡುವ ಮೊದಲೇ ಬಂದೂಕು ಅಲುಗಲು ಶುರುವಾಗಿರುತ್ತೆ. ಹಾಗಾಗಿ ನಳಿಗೆಯನ್ನು ಕಲ್ಲಿನಂಥ ಗಟ್ಟಿ ಆಸರೆಗೆ ಒತ್ತಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತೆ. ಮರಳಿನ ಚೀಲದಂಥ ಮೆತ್ತನೆಯದೇ ಸರಿ, ಪ್ರತಿ ಸಲ ಅದೇ ಹಿಡಿತ.

1976ರಲ್ಲಿ ಈ ಬಂದೂಕುಗಳಿಗೆ ಒಂದು ಪರೀಕ್ಷೆಯೂ ಸಿಕ್ಕಿತು. ಮೆಕ್ಸಿಕೋದಿಂದ ಬಂದ ಉಕ್ಕಿನ ಪ್ರಾಣಿಗಳ ಸ್ಪರ್ಧೆಗೆ ಕೈಬಂದೂಕಿನವರ ಅಂತರರಾಷ್ಟ್ರೀಯ ಸಂಘ ಶುರುವಾಯಿತು. 50 ಮೀಟರಿನಲ್ಲಿ ಕೋಳಿ, 100ರಲ್ಲಿ ಹಂದಿ, 150ರಲ್ಲಿ ಟರ್ಕಿ ಕೋಳಿ, 200ರಲ್ಲಿ ಟಗರು. ತಾಗಿದರೆ ಸಾಲದು, ಉಕ್ಕಿನ ಟಗರು ಉರುಳಬೇಕು. ಅಂದ್ರೆ ಒಂದಿಷ್ಟು ಸಂವೇಗ ಬೇಕೇ ಬೇಕು, ಅಷ್ಟು ಒದೆತ ತಿನ್ನಲೇಬೇಕು. ಅಂಗಾತ ಮಲಗಿ ಕಾಲಿಗೆ ಪಿಸ್ತೂಲು ಆನಿಸಿ ಹೊಡೆಯುವ ಭಂಗಿ ಜನಪ್ರಿಯವಾಯಿತು. ಒಂದು ದಿನದಲ್ಲಿ ಹತ್ತಾರು ಗುಂಡು ಹಾರಿಸಿಯೂ ಕೊನೆಯದನ್ನು ಮೊದಲಿನಷ್ಟೇ ಶಾಂತವಾಗಿ ಹಾರಿಸಬೇಕು. ಹೀಗಾಗಿ ಗೆದ್ದವರು ದೊಡ್ಡ ತೋಟಾದವರಲ್ಲ, ಸಾಕಷ್ಟೇ ದೊಡ್ಡ ತೋಟಾದವರು.

ಐದನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು, ಆ .22ರ ನಳಿಗೆ. ಅದೇ ಹಿಡಿ, ಅದೇ ಕುದುರೆ, ಆದರೆ ಒದೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೂರು ಗುಂಡು ಅದರಲ್ಲಿ, ನಾಲ್ಕೈದು ಮಾತ್ರ ದೊಡ್ಡದರಲ್ಲಿ. ನಡುನಡುವೆ, ಹಾರಿಸುವವನಿಗೆ ಗೊತ್ತಾಗದಂತೆ, ಗೆಳೆಯನೊಬ್ಬ ಖಾಲಿ ತೋಟಾ ಹಾಕಿಕೊಡೋದು. ಕುದುರೆ ಎಳೆದಾಗ ಸದ್ದಿಲ್ಲ, ಆದರೆ ನಳಿಗೆ ಕೆಳಗೆ ಹಾರುತ್ತೆ. ಭಯ ಅಲ್ಲೇ ಸಿಕ್ಕಿಬೀಳುತ್ತೆ. ಸೆಲೂಸ್‌ಗೆ ಯಾರೂ ಹೇಳಿಕೊಡದ ಪಾಠ ಇದು: ಒದೆತವನ್ನು ಗೆಲ್ಲಬೇಕಾದದ್ದು ತೋಳಲ್ಲ, ಮನಸ್ಸು. ಮನಸ್ಸಿಗೆ ಹೆದರಿಕೆ ಕಲಿಸೋದು ಎಷ್ಟು ಸುಲಭವೋ ಮರೆಸೋದು ಅಷ್ಟೇ ಕಷ್ಟ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಕಾಲಕ್ಕೆ ತೆರೆ ಎಳೆಯಿತು. ಕಂಟೆಂಡರ್‌ನಂಥ ಪಿಸ್ತೂಲು ಅಮೆರಿಕದ ಕಾಡುಗಳಲ್ಲಿ ಇಂದಿಗೂ ಜಿಂಕೆ ಬೇಟೆಗೆ ಹೋಗುತ್ತೆ. ಅದು ಸರಿಯೋ ತಪ್ಪೋ ಅನ್ನೋ ವಾದ ಅಲ್ಲೂ ಇದೆ. ಅದರಲ್ಲಿ ಈ ಇತಿಹಾಸ ಹೇಳಬಹುದಾದ ಮಾತು ಒಂದೇ: ಒಂದೇ ಗುಂಡು ಇಟ್ಕೊಂಡು ಕಾಡಿಗೆ ಹೋಗುವವನಿಗೆ, ತಾನು ಹೆದರದೆ ಹಾರಿಸಬಲ್ಲ ತೋಟಾ ಎಷ್ಟು ದೊಡ್ಡದು ಅಂತ ಪ್ರಾಮಾಣಿಕವಾಗಿ ಗೊತ್ತಿರಬೇಕು. ಅದಕ್ಕಿಂತ ದೊಡ್ಡದನ್ನು ಹಿಡಿದರೆ ಒದೆತ ಅವನನ್ನು ದಾಟಿ ಹೋಗುತ್ತೆ. ಹೋಗಿ ತಾಗುವುದು ಪೊದೆಯೊಳಗೆ ನರಳುತ್ತಾ ಮೂರು ದಿನ ಬದುಕುವ ಪ್ರಾಣಿಗೆ, ಇಲ್ಲಾ ಆ ಪೊದೆಯ ಪಕ್ಕ ನಾಳೆ ಹಾದುಹೋಗುವ ಮನುಷ್ಯನಿಗೆ.

ಈ ಸಂಚಿಕೆ ಇಷ್ಟಕ್ಕೆ ಮುಗೀತು. ಮುಂದಿನ ವಾರ ಮತ್ತೊಂದು ಕಥೆಯೊಂದಿಗೆ ಸಿಗೋಣ.