ರೋಮಿಂಗ್‌ನಲ್ಲಿ ಜಾಲದ ಆಯ್ಕೆ: ಬಳ್ಳಾರಿ ಗಡಿ ಪ್ರದೇಶ

ರೋಮಿಂಗ್‌ನಲ್ಲಿ ಜಾಲದ ಆಯ್ಕೆ ಎಂದರೆ ಮೊಬೈಲ್ ಫೋನು ತನ್ನ ಕಂಪನಿಯ ಸ್ವಂತ ಸೇವಾವಲಯ ದಾಟಿದಾಗ ಬೇರೆ ಜಾಲ ಹುಡುಕಿ ನೋಂದಾಯಿಸಿಕೊಳ್ಳುವ ಕ್ರಮ. ಭಾರತದಲ್ಲಿ ಈ ವಲಯಗಳಿಗೆ ಟೆಲಿಕಾಂ ಸರ್ಕಲ್ ಎಂದು ಹೆಸರು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕರ್ನಾಟಕ ಸರ್ಕಲ್‌ನಲ್ಲಿವೆ; ಗಡಿಯಾಚೆಯ ಆದೋನಿ, ಆಲೂರು, ರಾಯದುರ್ಗ ಆಂಧ್ರಪ್ರದೇಶ ಸರ್ಕಲ್‌ನಲ್ಲಿವೆ.

ಹಿನ್ನೆಲೆ

ಈ ಊರುಗಳೆಲ್ಲ ಮದರಾಸು ಪ್ರಾಂತ್ಯದ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು; ಬಳ್ಳಾರಿ, ಸಿರುಗುಪ್ಪ ಮುಂತಾದವು ಮೈಸೂರು ರಾಜ್ಯಕ್ಕೆ ಬಂದವು. 1990ರ ದಶಕದಲ್ಲಿ ಮೊಬೈಲ್ ಪರವಾನಗಿ ಕೊಡುವಾಗ ಸರ್ಕಲ್‌ಗಳನ್ನು ಬಹುಮಟ್ಟಿಗೆ ರಾಜ್ಯಗಳ ಗಡಿಯಂತೆಯೇ ವಿಂಗಡಿಸಲಾಯಿತು. ಹೀಗಾಗಿ ಒಂದೇ ಕಂಪನಿಯ ಜಾಲಕ್ಕೂ ಗಡಿಯ ಎರಡು ಬದಿಯಲ್ಲಿ ಬೇರೆ ಬೇರೆ ಗುರುತಿನ ಸಂಕೇತ ಬಂತು: ಏರ್‌ಟೆಲ್‌ಗೆ ಕರ್ನಾಟಕದಲ್ಲಿ 404-45, ಆಂಧ್ರದಲ್ಲಿ 404-49, ಬಿಎಸ್‌ಎನ್‌ಎಲ್‌ಗೆ 404-71 ಮತ್ತು 404-73.

ಆಯ್ಕೆಯ ಕ್ರಮ

ಸಿಗ್ನಲ್ ಜೋರಾಗಿರುವ ಜಾಲವನ್ನೇ ಫೋನು ಹಿಡಿಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅಂತರರಾಷ್ಟ್ರೀಯ ಜಿಎಸ್‌ಎಂ ನಿಯಮ ಹಾಗಿಲ್ಲ. ಫೋನು ಆನ್ ಆದಾಗ ಮೊದಲು ಕೊನೆಯ ಬಾರಿ ನೋಂದಾಯಿಸಿದ್ದ ಜಾಲವನ್ನು ನೋಡುತ್ತದೆ. ಅದು ಸಿಗದಿದ್ದರೆ ಸಿಮ್‌ನ ಸ್ವಂತ ಜಾಲ, ಬಳಿಕ ಬಳಕೆದಾರರ ಪಟ್ಟಿ, ಅನಂತರ ಕಂಪನಿಯು ಸಿಮ್‌ನಲ್ಲಿ ಬರೆದಿಟ್ಟ ಪಟ್ಟಿ. ಇವು ಯಾವುವೂ ಇಲ್ಲದಿದ್ದಾಗ ಮಾತ್ರ ಉಳಿದ ಜಾಲಗಳ ಸರದಿ. ಅವುಗಳಲ್ಲೂ ಸಿಗ್ನಲ್ ಸಾಕಷ್ಟು ಚೆನ್ನಾಗಿರುವವನ್ನು ಯಾದೃಚ್ಛಿಕವಾಗಿ ಆರಿಸಲಾಗುತ್ತದೆ. ನೋಂದಣಿ ನಿರಾಕರಿಸಿದ ಜಾಲದ ಸಂಕೇತವನ್ನು ಫೋನು ಸಿಮ್‌ನ ನಿಷೇಧಿತ ಪಟ್ಟಿಗೆ ಸೇರಿಸುತ್ತದೆ.

ಗಡಿ ಹಳ್ಳಿಗಳಲ್ಲಿ ಇದರ ಪರಿಣಾಮ ಕಾಣುತ್ತದೆ. ಸಿರುಗುಪ್ಪದಿಂದ ಆದೋನಿಯ ಹತ್ತಿ ಮಾರುಕಟ್ಟೆಗೆ ಹೋದ ರೈತನ ಫೋನು ಆಂಧ್ರದ ಜಾಲಕ್ಕೆ ಸೇರಿ, ಪರದೆಯ ಮೇಲೆ ರೋಮಿಂಗ್ ಗುರುತು ತೋರಿಸುತ್ತದೆ. ಗಡಿ ದಾಟಿ ಹಿಂದಿರುಗಿದರೂ ಆಚೆಯ ಟವರಿನ ಸಿಗ್ನಲ್ ಇರುವ ತನಕ ಅದು ಕೂಡಲೇ ಜಾಲ ಬದಲಿಸಬೇಕಿಲ್ಲ. ಕರೆಯಿಲ್ಲದ ಹೊತ್ತಿನಲ್ಲಿ, ಸಿಮ್ ಹೇಳಿದ ಅವಧಿಗೊಮ್ಮೆ ಮಾತ್ರ ಸ್ವಂತ ಜಾಲವನ್ನು ಹುಡುಕುತ್ತದೆ. ಈ ಅವಧಿ 6 ನಿಮಿಷದಿಂದ 8 ಗಂಟೆಯವರೆಗೆ ಇರಬಹುದು. ಸಿಮ್ ಏನೂ ಹೇಳದಿದ್ದರೆ 60 ನಿಮಿಷ. ಕಾಯಲಾಗದವರು ಸೆಟ್ಟಿಂಗ್ಸ್‌ಗೆ ಹೋಗಿ ಜಾಲವನ್ನು ತಾವೇ ಆರಿಸಬಹುದು. ಗಡಿಯಿಂದ ದೂರವಿದ್ದಷ್ಟೂ ಆಚೆಯ ಟವರು ಸಿಗುವ ಸಂಭವ ಕಡಿಮೆ.

ದರಗಳು

2003ರ ಮೇ 1ರಿಂದ ಊರಲ್ಲಿದ್ದಾಗ ಬರುವ ಕರೆಗಳು ಉಚಿತವಾದವು. ರೋಮಿಂಗ್‌ನಲ್ಲಿ ಮಾತ್ರ ಶುಲ್ಕ ಮುಂದುವರಿಯಿತು. ಒಳಬರುವ ರೋಮಿಂಗ್ ಕರೆಗೆ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2007ರಲ್ಲಿ ನಿಮಿಷಕ್ಕೆ 1.75 ರೂಪಾಯಿ, 2013ರಲ್ಲಿ 75 ಪೈಸೆ, 2015ರಲ್ಲಿ 45 ಪೈಸೆಯ ಮಿತಿ ಹಾಕಿತು. ಫೋನು ತಾನಾಗಿ ಆಚೆಯ ಜಾಲ ಹಿಡಿದರೆ, ಮನೆಯಲ್ಲೇ ಕುಳಿತವರ ದುಡ್ಡೂ ಕಡಿತವಾಗುವ ಕಾಲ ಅದು. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ಒಳಬರುವ ರೋಮಿಂಗ್ ಕರೆಗಳನ್ನು ಉಚಿತಗೊಳಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ರೋಮಿಂಗ್ ಶುಲ್ಕವಿಲ್ಲದೆಯೇ ಆರಂಭವಾಯಿತು. ಏರ್‌ಟೆಲ್ 2017ರ ಏಪ್ರಿಲ್ 1ರಿಂದ ದೇಶದೊಳಗಿನ ರೋಮಿಂಗ್ ಶುಲ್ಕ ಕೈಬಿಟ್ಟಿತು. ಶುಲ್ಕ ಹೋದರೂ ಸರ್ಕಲ್‌ಗಳು ಉಳಿದಿವೆ. ಗಡಿಯಲ್ಲಿ ಫೋನು ಈಗಲೂ ಅದೇ ಕ್ರಮದಲ್ಲಿ ಜಾಲ ಹುಡುಕುತ್ತದೆ.