ಮೂಸಿ ದಂಡೆಯ ದೊಡ್ಡ ದವಾಖಾನೆ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದಿನ ಮೇಲೇರಿ ಬಂತು. ಅಫ್ಜಲ್‌ಗಂಜಿನ ದವಾಖಾನೆ ನೀರಿನ ಹೊಡೆತಕ್ಕೆ ಸಿಕ್ಕಿತು. ಅಲ್ಲಿನ ಹುಣಸೆಮರವನ್ನೇರಿದ ಸುಮಾರು ನೂರೈವತ್ತು ಜನ ಬದುಕಿಕೊಂಡರು. ಆ ಮರ ಇಂದಿಗೂ ನಿಂತಿದೆ. ಮರುವರ್ಷ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ನಿಜಾಮರ ಕರೆಗೆ ಓಗೊಟ್ಟು ಬಂದು ನದಿಗೆ ಕಡಿವಾಣ ಹಾಕುವ ಯೋಜನೆ ಬರೆದರು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಅದೇ ದಂಡೆಯಲ್ಲಿ, ವಿನ್ಸೆಂಟ್ ಎಶ್ ರೂಪಿಸಿದ ಗುಮ್ಮಟಗಳ ಉಸ್ಮಾನಿಯಾ ಆಸ್ಪತ್ರೆಯನ್ನು ಎತ್ತಿ ನಿಲ್ಲಿಸಿದರು.

ಬೀದರ್, ಗುಲ್ಬರ್ಗಾ, ರಾಯಚೂರು ಸೀಮೆಯ ಕನ್ನಡಿಗರು ಆಗ ಅದೇ ಸಂಸ್ಥಾನದ ಪ್ರಜೆಗಳು. ಊರ ವೈದ್ಯರು ಕೈಚೆಲ್ಲಿದರೆ ಮುಂದಿನ ದಾರಿ ರಾಜಧಾನಿಗೆ. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಜಧಾನಿ ಬದಲಾಯಿತು, ರೋಗಿಯ ದಾರಿ ಬದಲಾಗಲಿಲ್ಲ. ಬೀದರಿನವರಿಗೆ ಹೈದರಾಬಾದು ನೂರೈವತ್ತು ಕಿಲೋಮೀಟರಿನೊಳಗೆ, ಬೆಂಗಳೂರು ಸುಮಾರು ಏಳುನೂರು.

ಕಾಲ ಸರಿದಂತೆ ಆ ದಾರಿಯ ಕೊನೆಯಲ್ಲಿದ್ದ ಬಾಗಿಲುಗಳು ಬೇರೆಯಾದವು. 1988ರಲ್ಲಿ ಜುಬಿಲಿ ಹಿಲ್ಸ್‌ನಲ್ಲಿ ಅಪೊಲೊ ಬಂತು. 1997ರಲ್ಲಿ ಡಾ. ಸೋಮರಾಜು ಮತ್ತು ಜೊತೆಗಾರ ಹೃದ್ರೋಗ ತಜ್ಞರು ಕೇರ್ ಕಟ್ಟಿದರು. ಯಶೋದಾ, ಕಿಮ್ಸ್ ಬೆಳೆದವು. ವೈದ್ಯರೇ ಕಟ್ಟಿದ ಕೇರ್ ಮುಂದೆ ಹಣ ಹೂಡುವವರ ಕೈಯಿಂದ ಕೈಗೆ ಸಾಗಿತು: ಅಡ್ವೆಂಟ್, 2016ರಲ್ಲಿ ಅಬ್ರಾಜ್, ಅದು ಕುಸಿದ ಮೇಲೆ ಟಿಪಿಜಿ, 2023ರಲ್ಲಿ ಬ್ಲ್ಯಾಕ್‌ಸ್ಟೋನ್. 2021ರಲ್ಲಿ ಕಿಮ್ಸ್ ಸನ್‌ಶೈನ್ ಆಸ್ಪತ್ರೆಗಳ ಬಹುಪಾಲನ್ನು ಕೊಂಡಿತು. 2024ರ ನವೆಂಬರಿನಲ್ಲಿ, ಅಮೀರ್‌ಪೇಟೆಯಲ್ಲೂ ಆಸ್ಪತ್ರೆಯುಳ್ಳ ಆಸ್ಟರ್ ಸಂಸ್ಥೆಯು ಕೇರ್‌ನ ಒಡೆಯ ಕಂಪನಿಯೊಡನೆ ಒಂದಾಗುವುದಾಗಿ ಸಾರಿತು.

ಇಂಥ ಕೂಡಿಕೆಯನ್ನು ಅಳೆಯಲು ಅರ್ಥಶಾಸ್ತ್ರಜ್ಞರ ಬಳಿ ಒಂದು ಲೆಕ್ಕವಿದೆ, ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ. ಮಾರುಕಟ್ಟೆಯಲ್ಲಿ ಪ್ರತಿ ಆಸ್ಪತ್ರೆಯ ಶೇಕಡಾ ಪಾಲನ್ನು ವರ್ಗ ಮಾಡಿ ಕೂಡಬೇಕು. ತಲಾ 20ರ ಪಾಲಿನ ಐದು ಆಸ್ಪತ್ರೆಗಳಿದ್ದರೆ ಮೊತ್ತ 2000. ಅವುಗಳಲ್ಲಿ ಎರಡು ಒಂದಾದರೆ 2800. ಅಮೆರಿಕದ 2023ರ ಮಾರ್ಗಸೂಚಿಯ ಪ್ರಕಾರ 1800 ದಾಟಿದ ಮಾರುಕಟ್ಟೆ ಕೆಲವೇ ಕೈಗಳಲ್ಲಿ ಸಿಕ್ಕಿದಂತೆ. ಕೂಡುವುದು ಸುಲಭ. ಯಾವ ಊರುಗಳನ್ನು ಸೇರಿಸಿ ಕೂಡಬೇಕೆಂಬುದೇ ಕಷ್ಟ. ಹೈದರಾಬಾದಿನ ಮಾರುಕಟ್ಟೆ ಜಹೀರಾಬಾದಿನ ಆಚೆಯ ರಾಜ್ಯದ ಗಡಿಕಂಬದಲ್ಲಿ ಮುಗಿಯುತ್ತದೆಯೇ? ಬೀದರಿನ ರೋಗಿಯನ್ನು ಬಿಟ್ಟು ಮಾಡಿದ ಲೆಕ್ಕವನ್ನು ನಾನು ಒಪ್ಪಲಾರೆ.

ಈ ಎಲ್ಲೆಯ ಪ್ರಶ್ನೆಗೆ 1973ರಲ್ಲಿ ಎಲ್ಜಿಂಗಾ ಮತ್ತು ಹೊಗಾರ್ಟಿ ಎಂಬಿಬ್ಬರು ಅರ್ಥಶಾಸ್ತ್ರಜ್ಞರು, ಸರಕು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ನೋಡಿ ಮಾರುಕಟ್ಟೆಯ ಎಲ್ಲೆ ಗುರುತಿಸುವ ವಿಧಾನ ಕೊಟ್ಟರು. ಅಮೆರಿಕದ ನ್ಯಾಯಾಲಯಗಳು ಅದನ್ನು ಆಸ್ಪತ್ರೆಗಳಿಗೂ ಹಚ್ಚಿದವು. ಕೊನೆಗೆ ಎಲ್ಜಿಂಗಾ ಅವರೇ ಇಲಿನಾಯ್ ರಾಜ್ಯದ ಎವನ್‌ಸ್ಟನ್ ಆಸ್ಪತ್ರೆಯ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದು, ಆಸ್ಪತ್ರೆಗಳಿಗೆ ಅದು ಹೊಂದದು ಎಂದರು. ಕೆಲವರು ದೂರದೂರಿಗೆ ಹೋದ ಮಾತ್ರಕ್ಕೆ ಹೋಗಲಾರದವರಿಗೆ ದರ ಇಳಿಯುವುದಿಲ್ಲ.

ಬೀದರಿನ ಬಸ್ಸಿನಲ್ಲಿ ಎಕ್ಸ್‌ರೇ ಲಕೋಟೆ ಹಿಡಿದು ಕುಳಿತವರನ್ನು ಎಣಿಸಬಹುದು. ಟಿಕೇಟಿಗೆ, ಅಲ್ಲಿ ತಂಗಲು, ಕೂಲಿ ಬಿಟ್ಟು ಜೊತೆಗೆ ಬರುವ ಮಗನಿಗೆ ದುಡ್ಡು ಹೊಂದದೆ ಹಾಸಿಗೆಯಲ್ಲೇ ಉಳಿದ ತಾಯಿ ಮಾತ್ರ ಯಾವ ಆಸ್ಪತ್ರೆಯ ದಾಖಲೆಯಲ್ಲೂ ಇಲ್ಲ.