ಹಂಪಿಯ ಕಾಲುದಾರಿಗಳು

ಹಂಪಿಯ ದೇವಾಲಯಗಳನ್ನು ಬಿಡಿಬಿಡಿಯಾಗಿ ನೋಡಿದಾಗ ತಿಳಿಯದ ನಗರವಿನ್ಯಾಸವು ಅವುಗಳ ನಡುವಣ ಕಾಲುದಾರಿಗಳಲ್ಲಿ ನಡೆದಾಗ ಸ್ಪಷ್ಟವಾಗುತ್ತದೆ. ವಿರೂಪಾಕ್ಷ ದೇವಾಲಯದೆದುರಿನ ತೇರುಬೀದಿಯ ಪೂರ್ವ ತುದಿಯಲ್ಲಿ, ಜನ ಎದುರು ಬಸವಣ್ಣ ಎಂದು ಕರೆಯುವ ಏಕಶಿಲಾ ನಂದಿಯ ಬಳಿ ದಾರಿ ಎರಡಾಗುತ್ತದೆ. ಒಂದು ಮೆಟ್ಟಿಲುಗಳನ್ನೇರಿ, ಮತಂಗ ಪರ್ವತದ ಮಗ್ಗುಲಿನ ದಿಣ್ಣೆಯನ್ನು ದಾಟಿ, 1534ರ ಅಚ್ಯುತರಾಯ ದೇವಾಲಯದ ಕಡೆಗೆ ಇಳಿಯುತ್ತದೆ. ಇನ್ನೊಂದು ತುಂಗಭದ್ರೆಯ ದಡ ಹಿಡಿದು ಚಕ್ರತೀರ್ಥದ ಕೋದಂಡರಾಮ ದೇವಾಲಯ, ಸುಗ್ರೀವ ಗುಹೆ ಮತ್ತು ರಾಜನ ತುಲಾಭಾರದ ಕಲ್ಲುಕಂಬಗಳನ್ನು ಹಾದು ವಿಠ್ಠಲ ದೇವಾಲಯವನ್ನು ಸೇರುತ್ತದೆ.

ಬಂಡೆ ಅಡ್ಡ ಬಂದಲ್ಲಿ ಅದರ ಮೈಯಲ್ಲೇ ಮೆಟ್ಟಿಲು ಕಡಿದು, ಯಾತ್ರಿಕರು ತಂಗಲು ಮಂಟಪಗಳನ್ನು ಕಟ್ಟಿರುವುದರಿಂದ, ಈ ದಾರಿಗಳು ಗುಡಿಗೋಪುರಗಳಂತೆಯೇ ಯೋಜಿತ ನಿರ್ಮಾಣಗಳೆಂಬುದು ತಿಳಿಯುತ್ತದೆ. ವಿರೂಪಾಕ್ಷ–ಪಂಪಾದೇವಿಯರ ನಿಶ್ಚಿತಾರ್ಥವೆನಿಸಿದ ಫಲಪೂಜೆಗೆ ಉತ್ಸವಮೂರ್ತಿಗಳು ಕೋದಂಡರಾಮ ದೇವಾಲಯಕ್ಕೆ ಬರುವ ಪದ್ಧತಿಯು ನದಿದಡದ ದಾರಿಯ ಧಾರ್ಮಿಕ ಮಹತ್ವವನ್ನು ಇಂದಿಗೂ ಉಳಿಸಿದೆ.

ದಾರಿಯನ್ನೇ ಸ್ಮಾರಕವೆಂದು ಕಾಪಾಡಿದ ನಿದರ್ಶನ ಬೇರೆಡೆಯೂ ಇದೆ: ಜಪಾನಿನ ಕಡಲತಡಿಯ ಕಾಮಕುರದಲ್ಲಿ ಮೂರು ಕಡೆಯ ಗುಡ್ಡಗಳನ್ನು ಕಡಿದು ಮಾಡಿದ ಮಧ್ಯಯುಗದ ಇಕ್ಕಟ್ಟಾದ ದಾರಿಗಳು ಚಾರಿತ್ರಿಕ ಸ್ಮಾರಕಗಳಾಗಿ ರಕ್ಷಣೆ ಪಡೆದಿವೆ. ಹಂಪಿಗೆ ಹತ್ತಿರದ ಸಂಡೂರಿನಲ್ಲಿ ಅಂಥ ಕಿರುದಾರಿಯನ್ನು ಪ್ರಕೃತಿಯೇ ಒದಗಿಸಿದ್ದು, ನಾರಿಹಳ್ಳವು ಬೆಟ್ಟಸಾಲನ್ನು ಸೀಳಿ ಹರಿಯುವ ಕಂದರಗಳಿಗೆ ಭೀಮಗಂಡಿ, ಓಬಳಗಂಡಿ ಎಂಬ ಹೆಸರುಗಳಿವೆ. ಅಲ್ಲಿನ ಬೆಟ್ಟದ ಮೇಲೆ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ದೇವಾಲಯವೂ ಅದರ ಪಕ್ಕದಲ್ಲೇ ಕುಮಾರಸ್ವಾಮಿ ದೇವಾಲಯವೂ ಇದ್ದು, ಸಂಡೂರು ಸಂಸ್ಥಾನದ ಅರಸರು 1932ರಲ್ಲಿ ಕುಮಾರಸ್ವಾಮಿ ದೇವಾಲಯವನ್ನು ದಲಿತರಿಗೆ ತೆರೆದರು.

ಹಂಪಿಯಲ್ಲಿ ನದಿಯೂ ಸಂಚಾರದ ಭಾಗವಾಗಿತ್ತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಹೆಣೆದು ಹೊರಗೆ ತೊಗಲು ಹೊದಿಸಿದ ಬುಟ್ಟಿಯಾಕಾರದ ದೋಣಿಗಳನ್ನು, ಎಂದರೆ ಹರಿಗೋಲುಗಳನ್ನು, ವರ್ಣಿಸಿದ್ದಾನೆ. ಎದುರು ದಡದ ಆನೆಗೊಂದಿಯ ಕಡೆಗೆ ಹೊಳೆ ದಾಟಿಸಿದ ಈ ಸಾಧನದ ಬದಲು ತಳವಾರಘಟ್ಟದಲ್ಲಿ ವಾಹನಗಳಿಗೆಂದು ಸೇತುವೆ ಕಟ್ಟಲು ಹೊರಟದ್ದೂ ಒಂದು ಕಾರಣವಾಗಿ, 1986ರಲ್ಲಿ ವಿಶ್ವ ಪರಂಪರೆಯ ತಾಣವಾಗಿದ್ದ ಹಂಪಿ 1999ರಿಂದ 2006ರವರೆಗೆ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿತ್ತು. ದಾರಿಯ ಸ್ವರೂಪ ಬದಲಾದರೆ ಸ್ಥಳದ ಸ್ವರೂಪವೂ ಬದಲಾಗುತ್ತದೆಂಬುದನ್ನು ತೋರಿಸಿದ ಈ ಪ್ರಸಂಗದ ಅನಂತರವಾದರೂ, ಬಂಡೆಯ ಮೆಟ್ಟಿಲು, ದಾರಿಬದಿಯ ಮಂಟಪ ಮತ್ತು ದೋಣಿಗಟ್ಟಗಳಿಗೆ ಗೋಪುರಗಳಿಗೆ ಸಲ್ಲುವಷ್ಟೇ ರಕ್ಷಣೆ ಸಲ್ಲಬೇಕು.